ಕೊಡದ ಕುತ್ತಿಗೆಗೆ ನೀರು ಬಂದಾಗ

ನಾವು ಮೂವರು ಧಾರವಾಡದ ಸಪ್ತಾಪುರದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೇವೆ. ಒಬ್ಬ ನವಲಗುಂದ ತಾಲ್ಲೂಕಿನವ, ಒಬ್ಬ ಕಲಘಟಗಿ ಕಡೆಯವ, ಇನ್ನೊಬ್ಬ ಕುಂದಗೋಳದವ. ಮೂವರೂ ಗ್ರಾಮೀಣ ಪತ್ರಿಕೋದ್ಯಮ ಓದಿ ಮುಗಿಸಿದವರು. ಅದಕ್ಕೂ ಮೊದಲು ಮೂವರೂ ಪಿಯುಸಿ ಸೈನ್ಸ್ ಓದಿದವರು. ಗಣಿತದಲ್ಲಿ ಇಬ್ಬರು ಫೇಲಾದೆವು, ಒಬ್ಬ ಅಂಚಿನಲ್ಲಿ ಪಾಸಾದ. ಈ ಸಂಗತಿಯನ್ನು ನಾವು ಇಷ್ಟು ದಿನ ಎಲ್ಲೂ ಬರೆದಿರಲಿಲ್ಲ. ಈಗ ಬರೆಯಲು ಕಾರಣ ನಮ್ಮಲ್ಲೊಬ್ಬನ ತಂಗಿ.

ಅವಳು ಇದೇ ಊರಲ್ಲಿ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಾಳೆ. ಹತ್ತನೇ ತನಕ ನಮ್ಮ ಹಾಗೆಯೇ ಊರ ಸರಕಾರಿ ಶಾಲೆ, ಕನ್ನಡ ಮಾಧ್ಯಮ. ಹೋದ ಶ್ರಾವಣದ ಒಂದು ರವಿವಾರ ಬೆಳಿಗ್ಗೆ ಚೀಲ ಹಿಡಿದುಕೊಂಡು ಬಂದಳು. ಅವತ್ತು ನಮ್ಮ ಗಲ್ಲಿಗೆ ನೀರು ಬರುವ ದಿನ. ಎಂಟು ದಿನಕ್ಕೊಮ್ಮೆ ಬರುವ ನೀರು. ಬ್ಯಾರಲ್ಲು, ಬಕೀಟು, ಕೊಡ ಎಲ್ಲಾ ಸಾಲಾಗಿ ಇಟ್ಟು ನಾವು ಓಡಾಡುತ್ತಿದ್ದೆವು. ಅವಳು ಬಾಗಿಲಲ್ಲೇ ನಿಂತು ಹೇಳಿದಳು:

"ಅಣ್ಣಾ, ನಾ ಸೈನ್ಸ್ ಬಿಡ್ತೀನಿ. ಆರ್ಟ್ಸಿಗೆ ಹೋಗ್ತೀನಿ. ಅಪ್ಪಗ ನೀವ ಮೂರೂ ಮಂದಿ ಕೂಡಿ ಹೇಳ್ರಿ."

ಅವಳ ಕೈಯಲ್ಲಿ ಗಣಿತದ ನೋಟ್‌ಬುಕ್ಕಿತ್ತು. ತೆರೆದ ಪುಟದಲ್ಲಿ ಒಂದೇ ಲೆಕ್ಕವನ್ನು ನಾಲ್ಕು ಸಲ ಮಾಡಿ ನಾಲ್ಕೂ ಸಲ ಗೀಟು ಎಳೆದಿದ್ದಳು. ಲೆಕ್ಕ ನೋಡಿದ ಕೂಡಲೇ ನಮಗೆ ಗುರುತು ಹತ್ತಿತು. ನಮ್ಮನ್ನು ಕೆಡವಿದ ಲೆಕ್ಕವೂ ಅದೇ.

ದ್ವಿತೀಯ ಪಿಯುಸಿ ಗಣಿತದಲ್ಲಿ ಆರನೇ ಅಧ್ಯಾಯ, ಅವಕಲನದ ಅನ್ವಯಗಳು. ಅದರ ಶುರುವಿಗೇ ಬದಲಾವಣೆಯ ದರದ ಲೆಕ್ಕಗಳು ಬರುತ್ತವೆ. ಗೋಡೆಗೆ ಆನಿಸಿದ ಏಣಿಯ ಬುಡವನ್ನು ಎಳೆದರೆ ತುದಿ ಎಷ್ಟು ವೇಗದಲ್ಲಿ ಇಳಿಯುತ್ತದೆ? ದೀಪದ ಕಂಬದಿಂದ ದೂರ ನಡೆಯುವ ಮನುಷ್ಯನ ನೆರಳು ಎಷ್ಟು ವೇಗದಲ್ಲಿ ಬೆಳೆಯುತ್ತದೆ? ಕೊಳವೆಯಿಂದ ಸುರಿಯುವ ಉಸುಕಿನ ಗುಡ್ಡೆ ಎಷ್ಟು ವೇಗದಲ್ಲಿ ಏರುತ್ತದೆ? ಲಾಳಿಕೆಯ ಆಕಾರದ ಟಾಕಿಗೆ ನೀರು ಬಿಟ್ಟರೆ ಮಟ್ಟ ಎಷ್ಟು ವೇಗದಲ್ಲಿ ಮೇಲೇಳುತ್ತದೆ? ನಮ್ಮ ಕಾಲದಲ್ಲಿ ಇವುಗಳಲ್ಲೊಂದು ಐದು ಅಂಕಕ್ಕೆ ಬರುತ್ತಿತ್ತು. ಐದು ಅಂಕ ಅಂದರೆ ಪಾಸು ಫೇಲಿನ ನಡುವಿನ ಗೋಡೆ.

ಏಣಿ, ನೆರಳು, ಉಸುಕು, ನೀರು. ಈ ನಾಲ್ಕರಲ್ಲಿ ನಮ್ಮೂರಲ್ಲಿ ಇಲ್ಲದ್ದು ಯಾವುದಿದೆ? ಆದರೂ ನಾವು ಏನು ಮಾಡಿದೆವು ಗೊತ್ತೇ? ಏಣಿಯ ಲೆಕ್ಕವನ್ನು ಪೂರ್ತಿ ಬಾಯಿಪಾಠ ಮಾಡಿದೆವು. ಬಣವಿಗೆ ನಿಚ್ಚಣಿಕೆ ಹಚ್ಚಿ ದಿನಾ ಮೇವು ಇಳಿಸಿದವರು ನಾವು. ಅದೇ ನಿಚ್ಚಣಿಕೆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬಂದಾಗ ಅದು ನಿಚ್ಚಣಿಕೆ ಅಂತಲೇ ನಮಗೆ ಅನಿಸಲಿಲ್ಲ. ಪರೀಕ್ಷೆಯಲ್ಲಿ ಏಣಿಯ ಬದಲು ಟಾಕಿ ಬಂತು. ನಾವು ಟಾಕಿಗೂ ಏಣಿಯ ಸೂತ್ರವನ್ನೇ ಬರೆದು ಬಂದೆವು.

ತಂಗಿಗೆ ಇದನ್ನು ಹೇಳಿದಾಗ ಅವಳು ನಗಲಿಲ್ಲ. "ಹಂಗಾರ ನೀವೂ ಆರ್ಟ್ಸಿಗೆ ಬಂದ ಉದ್ಧಾರ ಆದ್ರಲ್ಲ, ನಾನೂ ಆಗ್ತೀನಿ" ಅಂದಳು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆರ್ಟ್ಸು ಕೀಳಲ್ಲ, ನಾವು ಓದಿದ್ದೇ ಅದನ್ನು. ಇಷ್ಟಪಟ್ಟು ಹೋಗುವುದು ಒಂದು, ಹೆದರಿ ಹೋಗುವುದು ಇನ್ನೊಂದು. ನಾವು ಹೆದರಿ ಹೋದವರು. ಅವಳಿಗೆ ನರ್ಸಿಂಗ್ ಓದಬೇಕು ಅಂತ ಎಂಟನೇ ತರಗತಿಯಿಂದ ಆಸೆ.

ಅಷ್ಟರಲ್ಲಿ ಹೊರಗಿನಿಂದ ಆಯಿ ಕೂಗಿದರು. ಆಯಿ ಅಂದರೆ ಮನೆ ಮಾಲಕರ ತಾಯಿ, ಎಪ್ಪತ್ತು ದಾಟಿದವರು. ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣುವುದಿಲ್ಲ. ಕಟ್ಟೆಯ ಮೇಲೆ ಕುಂತು ನಳದ ಕಡೆ ಬೆನ್ನು ಮಾಡಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಯಾರದಾರೋ ಅಲ್ಲಿ? ಕೊಡದ ಕುತ್ತಿಗಿಗೆ ನೀರು ಬಂತು, ನಳಾ ಬಂದ್ ಮಾಡ್ರಿ!"

ನಾವು ಓಡಿದೆವು. ನೀರು ಕುತ್ತಿಗೆಯಲ್ಲಿತ್ತು. ನಳ ತಿರುಗಿಸುವಷ್ಟರಲ್ಲಿ ಉಕ್ಕಿ ಚೆಲ್ಲಿತು.

ತಂಗಿ ಕೇಳಿದಳು, "ಆಯಿ, ನೀವು ನೋಡಲಾರದ ಹೆಂಗ ಹೇಳಿದ್ರಿ?"

"ನೋಡೂದೇನದ ಅದರಾಗ? ಹೊಟ್ಟಿ ತುಂಬೂ ತನಕಾ ಸಾವಕಾಶ ಗುಡು ಗುಡು ಅಂತದ. ಕುತ್ತಿಗಿಗೆ ಬಂದ ಕೂಡ್ಲೇ ದನಿ ಸಣ್ಣಾಗಿ ಜೋರ್ ಏರ್ತದ. ಆವಾಗ ಕೈ ನಳದ ಮ್ಯಾಲ ಇರಬೇಕು."

ನಳ ಒಂದೇ, ಅದರಿಂದ ಬೀಳುವ ನೀರೂ ಒಂದೇ ಸಮ. ಹಾಗಿದ್ದರೂ ಕೊಡದೊಳಗಿನ ನೀರಿನ ಮಟ್ಟ ಒಂದೇ ಸಮ ಏರುವುದಿಲ್ಲ. ಹೊಟ್ಟೆಯಲ್ಲಿ ನಿಧಾನ, ಕುತ್ತಿಗೆಯಲ್ಲಿ ಅವಸರ. ಇದನ್ನು ಅರಿತ ಹೆಣ್ಣುಮಗಳು ನಮ್ಮ ಪ್ರತಿ ಊರಿನ ಪ್ರತಿ ನಳದ ಮುಂದೆಯೂ ಇದ್ದಾಳೆ.

ನಾವು ತಂಗಿಯನ್ನು ಅಲ್ಲೇ ಕಟ್ಟೆಯ ಮೇಲೆ ಕೂರಿಸಿದೆವು. ನೋಟ್‌ಬುಕ್ಕು ಮಡಚಿಟ್ಟೆವು. ಮೊದಲು ಬ್ಯಾರಲ್ಲಿನ ಲೆಕ್ಕ.

ನಳದಿಂದ ನಿಮಿಷಕ್ಕೆ 10 ಲೀಟರ್ ನೀರು ಬರುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ 10,000 ಘನ ಸೆಂಟಿಮೀಟರ್. ಬ್ಯಾರಲ್ಲಿನ ಬಾಯಿಯೂ ತಳವೂ ಒಂದೇ ಅಗಲ. ಅದರೊಳಗಿನ ನೀರಿನ ಮೇಲ್ಮೈ ವಿಸ್ತೀರ್ಣ 2,500 ಚದರ ಸೆಂಟಿಮೀಟರ್ ಅಂದುಕೊಳ್ಳೋಣ. ಹತ್ತು ಸಾವಿರವನ್ನು ಎರಡೂವರೆ ಸಾವಿರದಿಂದ ಭಾಗಿಸಿದರೆ 4. ಬ್ಯಾರಲ್ಲಿನಲ್ಲಿ ನೀರು ನಿಮಿಷಕ್ಕೆ 4 ಸೆಂಟಿಮೀಟರ್ ಏರುತ್ತದೆ. ಮೊದಲ ನಿಮಿಷವೂ ಅಷ್ಟೇ, ಕೊನೆಯ ನಿಮಿಷವೂ ಅಷ್ಟೇ.

ಈಗ ಅದೇ ನಳದ ಕೆಳಗೆ ಕೊಡ ಇಡಿ. ಹೊಟ್ಟೆಯ ಅಗಲ 30 ಸೆಂಟಿಮೀಟರ್, ಕುತ್ತಿಗೆಯ ಅಗಲ 10 ಸೆಂಟಿಮೀಟರ್. ಹೊಟ್ಟೆಯಲ್ಲಿ ನೀರಿನ ಮೇಲ್ಮೈ ಸುಮಾರು 707 ಚದರ ಸೆಂಟಿಮೀಟರ್. ಕುತ್ತಿಗೆಯಲ್ಲಿ ಬರೀ 78.5. ಹೊಟ್ಟೆ ಕುತ್ತಿಗೆಗಿಂತ ಮೂರು ಪಟ್ಟು ಅಗಲ, ಆದರೆ ಮೇಲ್ಮೈ ಒಂಬತ್ತು ಪಟ್ಟು. ಹಾಗಾಗಿ ಹೊಟ್ಟೆಯಲ್ಲಿ ಏರುವುದಕ್ಕಿಂತ ಕುತ್ತಿಗೆಯಲ್ಲಿ ನೀರು ಒಂಬತ್ತು ಪಟ್ಟು ಜೋರಾಗಿ ಏರುತ್ತದೆ. ಆಯಿಯ ಕಿವಿ ಹಿಡಿದದ್ದು ಈ ಒಂಬತ್ತು ಪಟ್ಟನ್ನೇ.

ಇದಕ್ಕೆ ಸಂಬಂಧಿತ ದರಗಳು ಅನ್ನುತ್ತಾರೆ. ಒಂದು ದರ ನಮಗೆ ಗೊತ್ತಿರುತ್ತದೆ, ಅದು ನಳದ್ದು. ಇನ್ನೊಂದು ದರ ಬೇಕಾಗಿರುತ್ತದೆ, ಅದು ಮಟ್ಟದ್ದು. ಎರಡನ್ನೂ ಕಟ್ಟಿಹಾಕುವುದು ಪಾತ್ರೆಯ ಆಕಾರ. ಆ ಕಟ್ಟು ಸಿಕ್ಕರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು.

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನೇ ನೋಟ್‌ಬುಕ್ಕು ತೆರೆದಳು.

ಅವಳ ಲೆಕ್ಕ ಹೀಗಿತ್ತು. ಲಾಳಿಕೆಯಂತೆ ಮೇಲೆ ಅಗಲ, ಕೆಳಗೆ ಚೂಪಾದ ಟಾಕಿ. ಅದರಲ್ಲಿ ನೀರಿನ ಆಳ ಎಷ್ಟಿದೆಯೋ ಅದರ ಅರ್ಧ ನೀರಿನ ಮೇಲ್ಮೈಯ ತ್ರಿಜ್ಯ. ತಾಸಿಗೆ 5 ಘನ ಮೀಟರ್ ನೀರು ಬೀಳುತ್ತಿದೆ. ಆಳ 4 ಮೀಟರ್ ಆದಾಗ ಮಟ್ಟ ಯಾವ ವೇಗದಲ್ಲಿ ಏರುತ್ತಿರುತ್ತದೆ?

ಅವಳು ನಾಲ್ಕೂ ಸಲ ಮಾಡಿದ್ದು ಒಂದೇ ಕೆಲಸ. ಮೊದಲೇ ಆಳದ ಜಾಗದಲ್ಲಿ 4 ಹಾಕಿದ್ದಳು. ತ್ರಿಜ್ಯ 2 ಆಯಿತು. ಶಂಕುವಿನ ಘನಫಲದ ಸೂತ್ರ ಹಚ್ಚಿದಳು, ಒಂದು ಅಂಕಿ ಬಂತು. ಆ ಅಂಕಿಯ ಅವಕಲನ ಮಾಡಿದಳು, ಸೊನ್ನೆ ಬಂತು. ನಳದಿಂದ ನೀರು ಬೀಳುತ್ತಲೇ ಇದೆ, ಲೆಕ್ಕದಲ್ಲಿ ಮಾತ್ರ ಮಟ್ಟ ಏರುತ್ತಿಲ್ಲ. "ಸೊನ್ನೆ ಹೆಂಗ ಬರ್ತದ?" ಅಂತ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಕೇಳಲು ಹಾಸ್ಟೆಲಿನಲ್ಲಿ ಯಾರೂ ಇರಲಿಲ್ಲ.

ನಾವೂ ಆಗ ಇದೇ ತಪ್ಪು ಮಾಡಿದ್ದೆವು. ಯಾಕೆ ತಪ್ಪು ಅಂತ ಅರ್ಥವಾಗಲು ನಮಗೆ ಇಷ್ಟು ವರ್ಷ ಬೇಕಾಯಿತು. ಆಳ 4 ಅಂತ ಮೊದಲೇ ಬರೆದುಬಿಟ್ಟರೆ ನೀರನ್ನು ಅಲ್ಲೇ ಹಿಡಿದು ನಿಲ್ಲಿಸಿದ ಹಾಗೆ. ನಿಂತ ನೀರಿಗೆ ವೇಗ ಎಲ್ಲಿಂದ ಬರಬೇಕು? ಫೋಟೋದಲ್ಲಿ ಓಡುವ ಎತ್ತು ಓಡುವುದಿಲ್ಲ. ಮೊದಲು ಆಳವನ್ನು ಬದಲಾಗಲು ಬಿಡಬೇಕು. ಎಲ್ಲಾ ಹರಿಯಲಿ. ಹರಿಯುವಾಗ ನೀರಿನ ದರಕ್ಕೂ ಮಟ್ಟದ ದರಕ್ಕೂ ಇರುವ ಸಂಬಂಧ ಹಿಡಿಯಬೇಕು. ಎಲ್ಲಾ ಮುಗಿದ ಮೇಲೆ, ಕಟ್ಟಕಡೆಗೆ, 4 ಹಾಕಬೇಕು.

ಇನ್ನೊಂದು ಸಂಗತಿಯೂ ಅವತ್ತು ಹೊಳೆಯಿತು. ತಪ್ಪಿನ ಬೇರು ಗಣಿತದಲ್ಲಿ ಇರಲಿಲ್ಲ, ವಾಕ್ಯದಲ್ಲಿತ್ತು. ಇಂಗ್ಲಿಷಿನ ಆ ಪ್ರಶ್ನೆಯನ್ನು ನಾವೆಲ್ಲ "ಆಳ 4 ಮೀಟರ್ ಇದ್ದರೆ" ಅಂತ ಓದಿಕೊಂಡಿದ್ದೆವು. ಇದ್ದರೆ ಅಂದಮೇಲೆ ಅದು ಕೊಟ್ಟ ಅಂಕಿ, ತಗೊಂಡು ಹಾಕಿಬಿಡುವುದು. ಆದರೆ ಪ್ರಶ್ನೆ ಕೇಳಿದ್ದು ಬೇರೆ. ನೀರು ಏರುತ್ತಾ ಏರುತ್ತಾ 4 ಮೀಟರಿನ ಗೆರೆ ಮುಟ್ಟಿದ ಆ ಕ್ಷಣದಲ್ಲಿ ಅದರ ವೇಗ ಎಷ್ಟು? ಒಂದು ಕಡೆ "ಇದ್ದರೆ", ಇನ್ನೊಂದು ಕಡೆ "ಮುಟ್ಟಿದಾಗ". ಈ ಎರಡು ಕನ್ನಡದ ಮಾತುಗಳ ನಡುವಿನ ಅಂತರವನ್ನು ಯಾರಾದರೂ ಹೇಳಿಕೊಟ್ಟಿದ್ದರೆ ನಾವು ಮೂವರಲ್ಲಿ ಒಬ್ಬನಾದರೂ ಇಂಜಿನಿಯರ್ ಆಗುತ್ತಿದ್ದನೋ ಏನೋ. ಕಲಿಸಿದವರು ಕೆಟ್ಟವರೇನಲ್ಲ. ಎಂಬತ್ತು ಹುಡುಗರ ಕ್ಲಾಸಿನಲ್ಲಿ ಸಿಲಬಸ್ ಮುಗಿಸುವ ಗಡಿಬಿಡಿ ಅವರದ್ದು, ಕೈ ಎತ್ತಿ ಕೇಳಲಾಗದ ನಾಚಿಕೆ ನಮ್ಮದು.

ತಂಗಿ ಮೊದಲು ಪ್ರಶ್ನೆಯನ್ನು ಕನ್ನಡದಲ್ಲಿ ಬರೆದಳು. ಆಮೇಲೆ ಲೆಕ್ಕ. ತ್ರಿಜ್ಯ ಆಳದ ಅರ್ಧ. ಹಾಗಾಗಿ ಘನಫಲ ಅಂದರೆ ಪೈ ಗುಣಿಸು ಆಳದ ಘನ, ಭಾಗಿಸು 12. ಇದರ ಅವಕಲನ ಮಾಡಿದರೆ ನೀರಿನ ದರ ಬರುತ್ತದೆ. ಪೈ ಗುಣಿಸು ಆಳದ ವರ್ಗ, ಭಾಗಿಸು 4, ಗುಣಿಸು ಮಟ್ಟದ ದರ. ಈಗ 4 ಹಾಕಿದಳು. 5 ಅಂದರೆ ನಾಲ್ಕು ಪೈ ಗುಣಿಸು ಮಟ್ಟದ ದರ. ಉತ್ತರ ತಾಸಿಗೆ 0.398 ಮೀಟರ್, ಸುಮಾರು 40 ಸೆಂಟಿಮೀಟರ್. ಪುಸ್ತಕದ ಹಿಂದಿನ ಉತ್ತರ 35/88. ಭಾಗಿಸಿ ನೋಡಿದಳು, ಅದೇ.

"ಇದನ್ನ ಕೊಡದ ಲೆಕ್ಕದಾಗ ಮಾಡ್ಲಿಕ್ಕೆ ಬರ್ತದೇನು?" ಅಂತ ಅವಳೇ ಕೇಳಿದಳು. ಮಾಡಿ ನೋಡಿದೆವು. ಆಳ 4 ಮುಟ್ಟಿದಾಗ ಮೇಲ್ಮೈಯ ತ್ರಿಜ್ಯ 2 ಮೀಟರ್. ವಿಸ್ತೀರ್ಣ ನಾಲ್ಕು ಪೈ, ಅಂದರೆ ಸುಮಾರು 12.57 ಚದರ ಮೀಟರ್. 5ನ್ನು 12.57ರಿಂದ ಭಾಗಿಸಿದರೆ ಮತ್ತೆ 0.398. ಬೀಳುವ ನೀರನ್ನು ಆ ಕ್ಷಣದ ಮೇಲ್ಮೈಯಿಂದ ಭಾಗಿಸಿದರೆ ಮಟ್ಟ ಏರುವ ವೇಗ. ಅವಕಲನ ಹೇಳಿದ್ದೂ ಅದನ್ನೇ, ಆಯಿ ಹೇಳಿದ್ದೂ ಅದನ್ನೇ.

ಏಣಿಯ ಲೆಕ್ಕವನ್ನೂ ಅವತ್ತೇ ಬಿಡಿಸಿದೆವು. 5 ಮೀಟರ್ ಏಣಿ, ಬುಡವನ್ನು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಗೋಡೆಯಿಂದ ದೂರ ಎಳೆಯುತ್ತಿದ್ದೇವೆ. ಇಲ್ಲಿ ಪಾತ್ರೆ ಇಲ್ಲ. ಎರಡು ದರಗಳನ್ನು ಕಟ್ಟಿಹಾಕುವುದು ಪೈಥಾಗೊರಸ್ ಪ್ರಮೇಯ. ಗೋಡೆಯಿಂದ ಬುಡಕ್ಕೆ ಇರುವ ದೂರದ ವರ್ಗ, ನೆಲದಿಂದ ತುದಿಗೆ ಇರುವ ಎತ್ತರದ ವರ್ಗ, ಎರಡೂ ಕೂಡಿದರೆ ಯಾವಾಗಲೂ 25. ಬುಡ 1 ಮೀಟರ್ ದೂರದಲ್ಲಿರುವಾಗ ತುದಿ ಸೆಕೆಂಡಿಗೆ ಅರ್ಧ ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ. 4 ಮೀಟರಿಗೆ ಬಂದಾಗ ಸುಮಾರು 2.67 ಸೆಂಟಿಮೀಟರ್. 4.8 ಮೀಟರಿಗೆ ಬಂದಾಗ 6.86 ಸೆಂಟಿಮೀಟರ್. ಬುಡದ ವೇಗ ಬದಲಾಗಿಲ್ಲ, ತುದಿಯ ವೇಗ ಮಾತ್ರ ಹೆಚ್ಚುತ್ತಲೇ ಹೋಯಿತು. ನಿಚ್ಚಣಿಕೆ ಜಾರಿ ಬಿದ್ದವರು "ಮೊದಲಿಗೆ ಗೊತ್ತಾಗಲಿಲ್ಲ, ಆಮೇಲೆ ಒಮ್ಮೆಲೇ ಬಿತ್ತು" ಅನ್ನುತ್ತಾರಲ್ಲ, ಅದರಲ್ಲಿ ಈ ಲೆಕ್ಕವೂ ಸೇರಿದೆ. ಬುಡ ಅಲುಗಿದಾಗಲೇ ಕಾಲು ಕೊಡಬೇಕು ಅಂತ ಹಿರಿಯರು ಹೇಳುವುದು ಅದಕ್ಕೇ.

ರಾತ್ರಿ ತಂಗಿಯನ್ನು ಹಾಸ್ಟೆಲಿಗೆ ಬಿಟ್ಟು ಬಂದ ಮೇಲೆ, ಇಂಥ ಲೆಕ್ಕಗಳನ್ನು ಮೊದಲು ಯಾರು ಹುಟ್ಟುಹಾಕಿದರು ಅಂತ ಹುಡುಕುತ್ತ ಕುಂತೆವು. ಸಿಕ್ಕ ಸಂಗತಿ ಓದಿ ನಗು ಬಂತು, ಸಂಕಟವೂ ಆಯಿತು.

ಕಲನಶಾಸ್ತ್ರ ಕಟ್ಟಿದವರಲ್ಲೊಬ್ಬನಾದ ನ್ಯೂಟನ್ ಬದಲಾಗುವ ಪ್ರಮಾಣಕ್ಕೆ ಫ್ಲುಯೆಂಟ್ ಅಂತ ಹೆಸರಿಟ್ಟಿದ್ದ. ಅಂದರೆ ಹರಿಯುವಂಥದ್ದು. ಅದು ಹರಿಯುವ ದರಕ್ಕೆ ಫ್ಲಕ್ಷನ್ ಅಂದ. ಅದಕ್ಕೂ ಎಷ್ಟೋ ಮೊದಲು, 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯ ಗ್ರಹಗಳ ತಾತ್ಕಾಲಿಕ ಗತಿಯ ಮಾತು ಎತ್ತಿದ್ದ. ತಾತ್ಕಾಲಿಕ ಅಂದರೆ ಆ ಹೊತ್ತಿನದು. ಇಡೀ ದಿನದ ಸರಾಸರಿ ಅವನಿಗೆ ಸಾಲಲಿಲ್ಲ, ಆ ಕ್ಷಣದ ವೇಗ ಬೇಕಾಗಿತ್ತು.

ನಗು ಬಂದದ್ದು ಮುಂದಿನ ಮಾತಿಗೆ. 1836ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಿಚಿ ಅನ್ನುವ ಪ್ರಾಧ್ಯಾಪಕ ಕಲನಶಾಸ್ತ್ರದ ಒಂದು ಪಠ್ಯ ಬರೆದ. ಹೆಚ್ಚು ಗಣಿತ ಓದದ ಸಾಮಾನ್ಯರಿಗೂ ವಿಷಯ ತಿಳಿಯಲಿ ಅಂತ ದಿನನಿತ್ಯದ ಪರಿಚಿತ ಉದಾಹರಣೆಗಳಿಂದ ಶುರು ಮಾಡಿದ. ಸಂಬಂಧಿತ ದರದ ಲೆಕ್ಕಗಳು ಪಠ್ಯಪುಸ್ತಕಗಳಿಗೆ ಬಂದದ್ದು ಈ ದಾರಿಯಿಂದ. ಒಳಗೆ ಬನ್ನಿ ಅಂತ ಇಟ್ಟ ಬಾಗಿಲು ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಅಡ್ಡಗೋಡೆಯಾಗಿ ನಿಂತಿತ್ತು. ಅವನ ಓದುಗರಿಗೆ ಪರಿಚಿತವಾದದ್ದು ಅವರ ಮಾತಿನಲ್ಲಿತ್ತು. ನಮಗೆ ಪರಿಚಿತವಾದದ್ದು ನಮ್ಮ ಮಾತಿನಲ್ಲಿ ಬರಲಿಲ್ಲ.

ಇಷ್ಟೇ ಆಗಿದ್ದರೆ ಇದು ಪಿಯುಸಿ ಹುಡುಗರ ಕಥೆಯಾಗಿ ಮುಗಿಯುತ್ತಿತ್ತು. ಅವತ್ತು ರಾತ್ರಿ ಕುಂದಗೋಳದ ಗೆಳೆಯ ಮಲಗಲಿಲ್ಲ. ದೀಪ ಹಚ್ಚಿ ಏನೋ ಲೆಕ್ಕ ಹಾಕುತ್ತಲೇ ಇದ್ದ. ಬೆಳಗಿನ ಜಾವ ನಮ್ಮನ್ನು ಎಬ್ಬಿಸಿ ಕಾಗದ ತೋರಿಸಿದ. ಅದು ಅವರ ಹೊಲದ ಕೃಷಿ ಹೊಂಡದ ಲೆಕ್ಕ.

ಕುಂದಗೋಳ ಕಡೆ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವುದು ನಿಮಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಹಿಂಗಾರಿ ಮಳೆ ಕೈಕೊಟ್ಟಿತ್ತು. ಹೊಂಡದಲ್ಲಿ ಮಾತ್ರ ನೀರು ಭರ್ತಿ ಇತ್ತು. ಮೇಲೆ 21 ಮೀಟರ್ ಚೌಕ, ತಳದಲ್ಲಿ 15 ಮೀಟರ್ ಚೌಕ, 3 ಮೀಟರ್ ಆಳ. ಅವರಪ್ಪ ಒಂದು ಕೋಲು ನೆಟ್ಟು ಗುರುತು ಹಾಕಿದ್ದರು. ಪಂಪು ತಾಸಿಗೆ ಸುಮಾರು 18,000 ಲೀಟರ್ ಎತ್ತುತ್ತಿತ್ತು. ಒಂದು ಸಲಕ್ಕೆ ನಾಲ್ಕು ತಾಸು ಹಾಯಿಸುವುದು. ಎಂಟು ಸಲ ಹಾಯಿಸಿದ ಮೇಲೆ ನೀರು ಕೋಲಿನ ಅರ್ಧಕ್ಕೆ ಬಂತು, ಒಂದೂವರೆ ಮೀಟರ್. ಅಪ್ಪ ಲೆಕ್ಕ ಹಾಕಿದರು. ಅರ್ಧಕ್ಕೆ ಎಂಟು ಸಲ ಆಯಿತು, ಇನ್ನರ್ಧಕ್ಕೆ ಇನ್ನೂ ಎಂಟು ಸಲ. ಕಾಯಿ ಹಣ್ಣಾಗುವ ತನಕ ಸಾಕು. ಆ ಧೈರ್ಯದ ಮೇಲೆ ಪಕ್ಕದ ಹೊಲದವರಿಗೂ ಒಂದು ಸಲ ನೀರು ಕೊಟ್ಟರು.

ಎಂಟು ಸಲ ಬರಲಿಲ್ಲ. ಪಕ್ಕದವರಿಗೆ ಕೊಟ್ಟದ್ದೂ ಸೇರಿ ಆರನೇ ಸಲ ಪೂರ್ತಿಯಾಗುವ ಮೊದಲೇ ಪಂಪು ಗಾಳಿ ಎಳೆಯಿತು. ಕಾಯಿ ಸುಕ್ಕಾದವು. ಪಕ್ಕದವರು ಕದ್ದು ಪಂಪು ಹಚ್ಚಿರಬೇಕು ಅಂತ ಮನೆಯಲ್ಲಿ ಅನುಮಾನ ಹುಟ್ಟಿತು. ಮಾತು ಬೆಳೆಯಿತು. ಬದುವಿನ ಮೇಲೆ ಎದುರಾದರೂ ಮಾತಾಡದೇ ಹೋಗುವಷ್ಟು ದೂರ ಆಯಿತು.

ಗೆಳೆಯನ ಕಾಗದದಲ್ಲಿ ಇದ್ದದ್ದು ಇಷ್ಟು. ಹೊಂಡ ತುಂಬಿದಾಗ ನೀರಿನ ಮೇಲ್ಮೈ 441 ಚದರ ಮೀಟರ್. ಆಗ ಪಂಪು ಹಚ್ಚಿದರೆ ಮಟ್ಟ ತಾಸಿಗೆ ಸುಮಾರು 4 ಸೆಂಟಿಮೀಟರ್ ಇಳಿಯುತ್ತದೆ. ಅರ್ಧ ಆಳಕ್ಕೆ ಬಂದಾಗ ಮೇಲ್ಮೈ 324 ಚದರ ಮೀಟರ್, ಇಳಿಯುವ ವೇಗ ಸುಮಾರು 5.6 ಸೆಂಟಿಮೀಟರ್. ತಳದ ಹತ್ತಿರ ಮೇಲ್ಮೈ 225, ವೇಗ 8 ಸೆಂಟಿಮೀಟರ್. ಪಂಪು ಅದೇ, ಎತ್ತುವ ನೀರೂ ಅಷ್ಟೇ. ಆದರೆ ಕೊನೆಗೆ ಬರುವಷ್ಟರಲ್ಲಿ ಮಟ್ಟ ಎರಡು ಪಟ್ಟು ಜೋರಾಗಿ ಇಳಿಯುತ್ತದೆ.

ತುಂಬಿದ ಹೊಂಡದಲ್ಲಿ ಒಟ್ಟು ನೀರು 981 ಘನ ಮೀಟರ್, ಅಂದರೆ 9 ಲಕ್ಷ 81 ಸಾವಿರ ಲೀಟರ್. ಅರ್ಧ ಆಳದಲ್ಲಿ ಇರುವುದು ಅದರ ಅರ್ಧ ಅಲ್ಲ. 4 ಲಕ್ಷ 9 ಸಾವಿರ ಚಿಲ್ಲರೆ ಲೀಟರ್ ಮಾತ್ರ. ಮೇಲಿನ ಅರ್ಧ ಖಾಲಿಯಾಗಲು ಸುಮಾರು 32 ತಾಸು ಬೇಕು. ಕೆಳಗಿನ ಅರ್ಧ 23 ತಾಸಿಗೂ ಮೊದಲೇ ಮುಗಿಯುತ್ತದೆ. ನಾಲ್ಕು ನಾಲ್ಕು ತಾಸಿನಂತೆ ಹಾಯಿಸಿದರೆ ಮೊದಲನೆಯದು ಎಂಟು ಸಲ, ಎರಡನೆಯದು ಆರಕ್ಕೆ ಸ್ವಲ್ಪ ಕಡಿಮೆ. ಬಿಸಿಲಿಗೆ ಆರಿದ್ದು, ತಳದಲ್ಲಿ ಕೂತ ರಾಡಿ ಬೇರೆ.

ಯಾರೂ ಕದ್ದಿರಲಿಲ್ಲ.

ಗೆಳೆಯ ಬೆಳಿಗ್ಗೆ ಆರಕ್ಕೆ ಅಪ್ಪನಿಗೆ ಫೋನು ಹಚ್ಚಿದ. ಅವರು ಪೂರ್ತಿ ಕೇಳಿದರು. "ಹೊಂಡ ಕೆಳಗ ಸಣ್ಣ ಅದ ಅಂತ ನನಗ ಗೊತ್ತಿಲ್ಲೇನೋ? ನಾನ ನಿಂತು ತೋಡಿಸೀನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಗೊತ್ತಿತ್ತು, ಆದರ ಕೋಲು ನೋಡುವಾಗ ನೆಪ್ಪಾಗಲಿಲ್ಲ" ಅಂದರು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನು ಇಟ್ಟರು. ಹೊಲದಲ್ಲಿ ಎಷ್ಟೋ ವರ್ಷದ ಅನುಭವ ಇದ್ದವರಿಗೂ ಕೋಲಿನ ಮೇಲಿನ ಗುರುತು ಮೋಸ ಮಾಡುತ್ತದೆ. ಗುರುತು ಮಟ್ಟವನ್ನು ಹೇಳುತ್ತದೆ. ನೀರು ಎಷ್ಟಿದೆ, ಎಷ್ಟು ಬೇಗ ಮುಗಿಯುತ್ತದೆ ಅಂತ ಹೇಳುವುದಿಲ್ಲ.

ಇಲ್ಲಿಗೆ ನಮ್ಮ ಕಸುಬಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಬಹುಪಾಲು ಮಲಪ್ರಭೆಯ ನೀರು. ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ರೇಣುಕಾಸಾಗರದಿಂದ ಬರುತ್ತದೆ. ಕಲಘಟಗಿ ತಾಲ್ಲೂಕಿನ ನೀರಸಾಗರದ್ದು ಅದಕ್ಕೆ ಜೊತೆ. ರೇಣುಕಾಸಾಗರ ಭರ್ತಿಯಾದಾಗ ಮಟ್ಟ 2,079.5 ಅಡಿ, ಸಾಮರ್ಥ್ಯ 37.73 ಟಿಎಂಸಿ. ನವಲಗುಂದ, ನರಗುಂದದ ಕಾಲುವೆಗಳಿಗೂ ಇದೇ ನೀರು. ನಾವು ಎಷ್ಟೋ ಸಲ ಸುದ್ದಿ ಬರೆದಿದ್ದೇವೆ, ಜಲಾಶಯದ ಮಟ್ಟ ಇವತ್ತು ಇಷ್ಟು ಅಡಿ, ಭರ್ತಿಗೆ ಇನ್ನು ಇಷ್ಟು ಅಡಿ ಬಾಕಿ ಅಂತ. ಓದಿದವರು ಅಡಿ ನೋಡಿ ಸಮಾಧಾನ ಪಡುತ್ತಾರೆ.

ಜಲಾಶಯ ಕೂಡ ಒಂದು ದೊಡ್ಡ ಹೊಂಡವೇ. ಮೇಲೆ ಹರವು, ಕೆಳಗೆ ಹೋದಂತೆ ಇಕ್ಕಟ್ಟು. ಮೇಲಿನ ಒಂದು ಅಡಿಯಲ್ಲಿ ಇರುವಷ್ಟು ನೀರು ಕೆಳಗಿನ ಒಂದು ಅಡಿಯಲ್ಲಿ ಇರುವುದಿಲ್ಲ. ದೀಪಾವಳಿ ಮುಂದೆ ಒಂದು ಅಡಿ ಇಳಿಯಲು ಎಷ್ಟು ದಿನ ಬೇಕಾಯಿತೋ, ಅಷ್ಟೇ ನೀರು ಬಿಟ್ಟರೂ ಯುಗಾದಿ ಮುಂದೆ ಅಷ್ಟು ದಿನ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಬಿಸಿಲೂ ತನ್ನ ಪಾಲು ಎತ್ತುತ್ತದೆ. ಹಾಗಾಗಿ ಅಡಿ ಬರೆದರೆ ಸಾಲದು. ಎಷ್ಟು ಟಿಎಂಸಿ ಉಳಿದಿದೆ, ದಿನಕ್ಕೆ ಎಷ್ಟು ಹೋಗುತ್ತಿದೆ, ಈಗಿನ ವೇಗ ಎಷ್ಟು ಅಂತ ಬರೆಯಬೇಕು. ನಾವು ಇನ್ನು ಮುಂದೆ ಹಾಗೆ ಬರೆಯುತ್ತೇವೆ. ಮರೆತರೆ ನೀವು ಕೇಳಿ.

2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಶುರುವಾಯಿತು. ಅಲ್ಲಿನ ಮಕ್ಕಳಿಗೆ ಆಯಿಯಂಥ ಕಿವಿ ಬೇಕಾಗುವುದಿಲ್ಲ. ಬೇಕಾಗದಿದ್ದರೇ ಒಳ್ಳೆಯದು. ಕಷ್ಟದಿಂದ ಕಲಿತ ಲೆಕ್ಕ ಅಂತ ಕಷ್ಟವನ್ನು ಉಳಿಸಿಕೊಳ್ಳಬೇಕಾಗಿಲ್ಲ.

ತಂಗಿ ಆರ್ಟ್ಸಿಗೆ ಹೋಗಲಿಲ್ಲ. ಹಾಗಂತ ಗಣಿತ ಅವಳಿಗೆ ಸಲೀಸಾಗಿದೆ ಅಂತಲ್ಲ. ಮೊದಲ ಟೆಸ್ಟಿನಲ್ಲಿ ಮೂವತ್ತೂ ದಾಟಲಿಲ್ಲ, ಎರಡನೆಯದರಲ್ಲಿ ಸ್ವಲ್ಪ ಏರಿದೆ. ಅವಳ ಹಾಸ್ಟೆಲಿನ ನಾಲ್ಕು ಹುಡುಗಿಯರು ಈಗ ರವಿವಾರ ಅವಳ ಜೊತೆ ಬಂದು ಇದೇ ಕಟ್ಟೆಯ ಮೇಲೆ ಕುಂಡರುತ್ತಾರೆ. ಅವರದ್ದೊಂದು ನಿಯಮ ಇದೆ. ಯಾವ ಲೆಕ್ಕವಾದರೂ ಮೊದಲು ಕನ್ನಡದಲ್ಲಿ ಬರೆಯಬೇಕು. ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ, ಎರಡನ್ನೂ ಕಟ್ಟಿಹಾಕುವುದು ಯಾವುದು. ಆ ಕ್ಷಣದ ಅಂಕಿಯನ್ನು ಕಡೆಗೆ ಹಾಕಬೇಕು. ನಮ್ಮ ಪಾಲಿಗೆ ಚಹಾ ಮಾಡುವ ಕೆಲಸ.

ಕುಂದಗೋಳದ ಗೆಳೆಯನ ಅಪ್ಪ ಹೋದ ತಿಂಗಳು ಹೊಂಡದ ಕೋಲು ಬದಲಿಸಿದರು. ಹೊಸ ಕೋಲಿನ ಮೇಲೆ ಗುರುತುಗಳು ಸಮ ಅಂತರದಲ್ಲಿ ಇಲ್ಲ. ಮೇಲೆ ಹತ್ತಿರ ಹತ್ತಿರ, ಕೆಳಗೆ ದೂರ ದೂರ. ಒಂದೊಂದು ಗುರುತು ಅಂದರೆ ನಾಲ್ಕು ತಾಸಿನ ಒಂದು ಸಲದ ನೀರು. ಲೆಕ್ಕ ಮಗ ಹಾಕಿಕೊಟ್ಟ, ಗೀರಿದ್ದು ಅಪ್ಪ. ಗೀರುವಾಗ ಕೋಲಿನ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದವರು ಪಕ್ಕದ ಹೊಲದವರು. ಅವರನ್ನು ಕರೆಯಲು ಅಪ್ಪನೇ ಬದು ದಾಟಿ ಹೋಗಿದ್ದರಂತೆ. ಏನು ಮಾತಾಡಿದರು ಅಂತ ಗೆಳೆಯ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾಳೆ ನಿಮ್ಮಲ್ಲಿ ನೀರು ಬಂದರೆ ಕೊಡ ಇಟ್ಟು ಕಣ್ಣು ಮುಚ್ಚಿ ಕೇಳಿ ನೋಡಿ. ಮನೆಯಲ್ಲಿ ಪಿಯುಸಿ ಓದುವ ಮಗಳೋ ಮಗನೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕುತ್ತಿಗೆಗೆ ಬಂದಾಗ ನಳ ಬಂದ್ ಮಾಡುವುದನ್ನು ಮರೆಯಬೇಡಿ.